ಆಯಿಯ ತಂಬಿಗೆ, ಚೀನೀಯರ ಸೂಜಿ

ರೋಣ, ನರಗುಂದ, ಗಜೇಂದ್ರಗಡಗಳ ಕಡೆಯ ಒಂದು ಹಳೆಯ ಮನೆಯನ್ನು ಕಲ್ಪಿಸಿಕೊಳ್ಳಿರಿ. ಸಂಜೆಯ ಹೊತ್ತು. ಶಾಲೆಯಿಂದ ಬಂದ ಹುಡುಗ ಪಾಟೀಚೀಲವನ್ನು ಮೂಲೆಗೆಸೆದು, ಹೊಟ್ಟೆ ಹಿಡಿದುಕೊಂಡು ಪಡಸಾಲೆಯಲ್ಲಿ ಮುದುರಿ ಮಲಗಿದ್ದಾನೆ.

“ಆಯೀ, ಹೊಟ್ಟಿ ಭಾಳ ನೋಯಾಕತ್ತೈತಿ.”

“ಬಟ್ಟಿ ಸರದಿರಬೇಕು. ಅಂಗಾತ ಮಲಗು, ಈಗ ಕೂಡಸ್ತೀನಿ.”

ಆಯಿ ಅವನ ಹೊಕ್ಕುಳಿನ ಮೇಲೆ ಸಣ್ಣದೊಂದು ಬತ್ತಿಯನ್ನು ನಿಲ್ಲಿಸಿ ಹೊತ್ತಿಸುತ್ತಾಳೆ. ಅದರ ಮೇಲೆ ತಂಬಿಗೆಯನ್ನು ಬೋರಲು ಹಾಕುತ್ತಾಳೆ. ಕ್ಷಣಮಾತ್ರದಲ್ಲಿ ದೀಪ ಆರುತ್ತದೆ, ತಂಬಿಗೆ ಹೊಟ್ಟೆಯನ್ನು ಕಚ್ಚಿ ಹಿಡಿಯುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಅಂಚಿನಲ್ಲಿ ಬೆರಳೊತ್ತಿದರೆ ಸದ್ದು ಮಾಡಿ ಬಿಟ್ಟುಕೊಳ್ಳುತ್ತದೆ. ಎಷ್ಟೋ ಸಲ ಹುಡುಗ ಎದ್ದು ಆಡಲು ಓಡಿಬಿಡುವುದೂ ಉಂಟು.

ಚೀನ ದೇಶ ಯಾವ ದಿಕ್ಕಿನಲ್ಲಿದೆಯೆಂಬುದು ಆಯಿಗೆ ತಿಳಿಯದು. ಆದರೆ ಅವಳ ಕೈಯಲ್ಲಿ ನಡೆದ ಕೆಲಸವನ್ನೇ ಚೀನೀ ವೈದ್ಯನು ಗಾಜಿನ ಅಥವಾ ಬಿದಿರಿನ ಬಟ್ಟಲಿನಿಂದ ಮಾಡುತ್ತಾನೆ. ಜಗತ್ತು ಅದನ್ನು ‘ಕಪ್ಪಿಂಗ್’ ಎಂದು ಕರೆಯುತ್ತದೆ.

ಕೊಂಬು, ಸೋರೆಬುರುಡೆ, ಬಟ್ಟಲು

ಇದರ ಗುಟ್ಟು ಬಲು ಸರಳವಾದುದು. ಉರಿಯಿಂದ ಬಟ್ಟಲೊಳಗಿನ ಗಾಳಿ ಕಾದು ಹಿಗ್ಗುತ್ತದೆ. ದೀಪ ಆರಿದೊಡನೆ ತಣಿದು ಕುಗ್ಗುತ್ತದೆ. ಒಳಗಿನ ಒತ್ತಡ ಕಡಮೆಯಾದುದರಿಂದ ಚರ್ಮ ಮೇಲಕ್ಕೆ ಉಬ್ಬುತ್ತದೆ, ರಕ್ತ ಅಲ್ಲಿಗೆ ಧಾವಿಸುತ್ತದೆ. ಕೂದಲೆಳೆಯಂಥ ರಕ್ತನಾಳಗಳು ಒಡೆದು ಕೆಂಪು ಅಥವಾ ಕಪ್ಪು ಕಲೆ ಮೂಡುತ್ತದೆ. 2016ರ ರಿಯೋ ಒಲಿಂಪಿಕ್ ಪಂದ್ಯಗಳಲ್ಲಿ ಈಜುಗಾರ ಮೈಕೇಲ್ ಫೆಲ್ಪ್ಸನ ಹೆಗಲ ಮೇಲೆ ಜನರು ಬೆರಗಿನಿಂದ ನೋಡಿದ ದುಂಡನೆಯ ಗುರುತುಗಳು ಇವೇ. ‘ವಿಷರಕ್ತ ಹೊರಬಂದಿತು’ ಎಂದು ಕೆಲವರು ಇದನ್ನು ವರ್ಣಿಸುವುದುಂಟು. ಅದು ವಿಷವಲ್ಲ, ಪೆಟ್ಟು ಬಿದ್ದಾಗ ಹೆಪ್ಪುಗಟ್ಟುವ ರಕ್ತದಂಥದೇ.

ರೋಣದಲ್ಲಿ ಇಂದು ಆಯುರ್ವೇದ ಕಾಲೇಜೊಂದಿದೆ. ಇಂಥ ಕಾಲೇಜುಗಳ ವಿದ್ಯಾರ್ಥಿಗಳು ಓದುವ ಸುಶ್ರುತಸಂಹಿತೆಯಲ್ಲಿ ಆಯಿಯ ತಂಬಿಗೆಯ ಪೂರ್ವಜರು ಸಿಗುತ್ತಾರೆ. ವಾತದಿಂದ ಕೆಟ್ಟ ರಕ್ತವನ್ನು ಕೊಂಬಿನಿಂದಲೂ, ಪಿತ್ತದಿಂದ ಕೆಟ್ಟುದನ್ನು ಜಿಗಣೆಯಿಂದಲೂ, ಕಫದಿಂದ ಕೆಟ್ಟುದನ್ನು ಸೋರೆಬುರುಡೆಯಿಂದಲೂ ತೆಗೆಯಬೇಕೆಂದು ಸುಶ್ರುತನು ವಿಧಿಸಿದ್ದಾನೆ. ಆ ಬುರುಡೆಯೊಳಗೆ ದೀಪವನ್ನಿಡಬೇಕೆಂಬ ಸೂಚನೆಯೂ ಅಲ್ಲಿದೆ!

ಚೀನದಲ್ಲಿಯೂ ಕಥೆ ಕೊಂಬಿನಿಂದಲೇ ಆರಂಭವಾಗುತ್ತದೆ. 1973ರಲ್ಲಿ ಚಾಂಗ್‌ಷಾ ನಗರದ ಬಳಿ ಮವಾಂಗ್‌ದುಯಿ ಎಂಬಲ್ಲಿ ಕ್ರಿ. ಪೂ. 168ರ ಗೋರಿಯೊಂದನ್ನು ತೆರೆದಾಗ ರೇಶಿಮೆಯ ಮೇಲೆ ಬರೆದ ವೈದ್ಯಗ್ರಂಥಗಳು ದೊರೆತವು. ಅವುಗಳಲ್ಲೊಂದು ಮೂಲವ್ಯಾಧಿಗೆ ಸಣ್ಣ ಕೊಂಬನ್ನು ಹಚ್ಚುವ ಕ್ರಮವನ್ನು ಹೇಳುತ್ತದೆ. ನೋವಿದ್ದಲ್ಲಿ ಸೆಳೆಯಬೇಕೆಂಬ ಬುದ್ಧಿ ಎರಡು ದೇಶಗಳಿಗೂ ಎಂದೋ ಹೊಳೆದಿತ್ತು.

ಕಂಚಿನ ಮನುಷ್ಯ

ಬಟ್ಟಲಿನ ಒಡಹುಟ್ಟು ಸೂಜಿ. ದೇಹದಲ್ಲಿ ‘ಛೀ’ ಎಂಬ ಪ್ರಾಣಶಕ್ತಿ ನಾಲೆಗಳಲ್ಲಿ ನೀರು ಹರಿಯುವಂತೆ ಹರಿಯುತ್ತಿರುತ್ತದೆ. ಹರಿವು ಎಲ್ಲಿ ಕಟ್ಟಿತೋ ಅಲ್ಲಿ ನೋವು ಎಂಬುದು ಚೀನೀಯರ ಸಿದ್ಧಾಂತ. ಈ ಮಾರ್ಗಗಳು 14. ಅವುಗಳ ಮೇಲೆ ಸೂಜಿ ಚುಚ್ಚುವ ಬಿಂದುಗಳು 361. ಸೂಜಿಯಾದರೋ ಡಾಕ್ಟರರ ಇಂಜೆಕ್ಷನ್ ಸೂಜಿಯಂತೆ ಟೊಳ್ಳಲ್ಲ; ಕೂದಲಿನ ಹಾಗೆ ತೆಳ್ಳಗಿರುವ ಗಟ್ಟಿ ತಂತಿ.

1027ರಲ್ಲಿ ವಾಂಗ್ ವೇಯಿ ಎಂಬ ವೈದ್ಯನು ಚಕ್ರವರ್ತಿಯ ಅಪ್ಪಣೆಯಂತೆ ಆಳೆತ್ತರದ ಕಂಚಿನ ಪ್ರತಿಮೆಗಳೆರಡನ್ನು ಎರಕ ಹೊಯ್ಯಿಸಿ, ಬಿಂದುಗಳಿರುವಲ್ಲೆಲ್ಲ ರಂಧ್ರಗಳನ್ನಿರಿಸಿದನು. ಪರೀಕ್ಷೆಯ ದಿನ ಪ್ರತಿಮೆಗೆ ಮೇಣ ಬಳಿದು ಒಳಗೆ ನೀರು ತುಂಬುತ್ತಿದ್ದರಂತೆ. ವಿದ್ಯಾರ್ಥಿ ಚುಚ್ಚಿದ ಜಾಗ ಸರಿಯಾಗಿದ್ದರೆ ನೀರು ಜಿನುಗುವುದು, ಇಲ್ಲವಾದರೆ ನಪಾಸು!

ಅಂಥ ವಿದ್ಯೆಗೂ ಕೆಟ್ಟ ದಿನಗಳು ಬಂದವು. 1822ರಲ್ಲಿ ಚಕ್ರವರ್ತಿಯೇ ಅರಮನೆಯ ವೈದ್ಯಶಾಲೆಯಿಂದ ಸೂಜಿಚಿಕಿತ್ಸೆಯನ್ನು ಹೊರಹಾಕಿದನು. 1949ರ ಕ್ರಾಂತಿಯ ತರುವಾಯ, ಹಳ್ಳಿಗಳಿಗೆ ಸಾಕಷ್ಟು ಡಾಕ್ಟರರಿಲ್ಲದ ಕಾಲದಲ್ಲಿ, ಹೊಸ ಸರಕಾರ ಅದನ್ನು ಮತ್ತೆ ಎತ್ತಿ ನಿಲ್ಲಿಸಿತು.

ಸೊಲ್ಲಾಪುರದ ದಾರಿ

ಈ ಸೂಜಿ ಭಾರತಕ್ಕೆ ಬಂದ ಕಥೆಯ ಒಂದು ಎಳೆ ನಮ್ಮ ನೆರೆಯಲ್ಲಿಯೇ ಇದೆ. ನರಗುಂದವನ್ನು ಹಾದು ಉತ್ತರಕ್ಕೆ ಹೋಗುವ ಹೆದ್ದಾರಿಯನ್ನು ಹಿಡಿದರೆ ವಿಜಯಪುರದ ಆಚೆಗೆ ಸೊಲ್ಲಾಪುರ ಸಿಗುತ್ತದೆ. ಮರಾಠಿಯೊಡನೆ ಕನ್ನಡವೂ ತೆಲುಗೂ ಕೇಳಿಬರುವ ಆ ಊರಿನಲ್ಲಿ 1910ರಲ್ಲಿ ಜನಿಸಿದವರು ಡಾ. ದ್ವಾರಕಾನಾಥ ಕೋಟ್ನಿಸ್. ಜಪಾನಿನ ದಾಳಿಗೆ ಸಿಕ್ಕಿ ನರಳುತ್ತಿದ್ದ ಚೀನಕ್ಕೆ 1938ರಲ್ಲಿ ನಮ್ಮ ರಾಷ್ಟ್ರೀಯ ಕಾಂಗ್ರೆಸ್ಸು ಐವರು ವೈದ್ಯರನ್ನು ಕಳುಹಿಸಿತು. ಅಟಲ್, ಚೋಳಕರ್, ಮುಖರ್ಜಿ, ಬಸು ಮತ್ತು ಕೋಟ್ನಿಸ್ ಆ ಐವರು. ಗಾಯಾಳು ಸೈನಿಕರಿಗೆ ಹಗಲಿರುಳೆನ್ನದೆ ಶಸ್ತ್ರಕ್ರಿಯೆ ಮಾಡಿದ ಕೋಟ್ನಿಸರು 1942ರ ಡಿಸೆಂಬರ್ 9ರಂದು, ಕೇವಲ 32ನೆಯ ವಯಸ್ಸಿನಲ್ಲಿ, ಚೀನದ ಮಣ್ಣಿನಲ್ಲೇ ಕಣ್ಣು ಮುಚ್ಚಿದರು. ಅವರ ಜೀವನವನ್ನು ಶಾಂತಾರಾಮರು 1946ರಲ್ಲಿ ಚಲನಚಿತ್ರವಾಗಿ ತೆರೆಗೆ ತಂದರು.

ಅವರ ಒಡನಾಡಿ ಡಾ. ಬಿಜಯಕುಮಾರ ಬಸು ಸ್ವದೇಶಕ್ಕೆ ಮರಳಿದರು. 1958ರಲ್ಲಿ ಮತ್ತೆ ಚೀನಕ್ಕೆ ಹೋಗಿ ಸೂಜಿಚಿಕಿತ್ಸೆಯನ್ನು ಅಭ್ಯಾಸ ಮಾಡಿ, 1959ರಲ್ಲಿ ಕಲ್ಕತ್ತೆಯಲ್ಲಿ ಅದನ್ನು ಆರಂಭಿಸಿದರು. ಕತ್ತಿ, ಕತ್ತರಿಗಳನ್ನು ಹಿಡಿದು ಹೋದ ತಂಡದ ಒಬ್ಬ ವೈದ್ಯರು ಸೂಜಿಯನ್ನು ಹಿಡಿದು ಬಂದರು. ಕೊಟ್ಟು ಕೊಂಡ ವಿದ್ಯೆ ಎಂದರೆ ಇದೇ.

ಒಬ್ಬ ಪತ್ರಕರ್ತನ ಹೊಟ್ಟೆನೋವು

ಪಶ್ಚಿಮ ದೇಶಗಳ ಕಣ್ಣು ಸೂಜಿಯ ಕಡೆಗೆ ತಿರುಗಿದುದು ಒಂದು ಹೊಟ್ಟೆನೋವಿನಿಂದಲೇ ಎಂದರೆ ವಾಚಕರು ನಗಬಾರದು. 1971ರ ಜುಲೈನಲ್ಲಿ ಅಮೆರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್ ಪೀಕಿಂಗಿನಲ್ಲಿದ್ದಾಗ ಅವನಿಗೆ ಅಪೆಂಡಿಸೈಟಿಸ್ ಆಯಿತು. ಶಸ್ತ್ರಕ್ರಿಯೆಯ ತರುವಾಯ ಹೊಟ್ಟೆಯುಬ್ಬರದಿಂದ ಒದ್ದಾಡುತ್ತಿದ್ದಾಗ, ಚೀನೀ ವೈದ್ಯನೊಬ್ಬನು ಮೊಣಕೈಗೂ ಮೊಣಕಾಲುಗಳ ಕೆಳಗೂ ಮೂರು ಸೂಜಿಗಳನ್ನು ಚುಚ್ಚಿ, ಮೂಲಿಕೆಯನ್ನು ಉರಿಸಿ ಹೊಟ್ಟೆಯ ಬಳಿ ಶಾಖ ಹಿಡಿದನು. ಒಂದು ಗಂಟೆಯೊಳಗೆ ಉಬ್ಬರ ಇಳಿಯಿತೆಂದು ರೆಸ್ಟನ್ ತನ್ನ ಪತ್ರಿಕೆಯಲ್ಲಿ ಬರೆದನು. ಅಮೆರಿಕದಲ್ಲಿ ಸೂಜಿಯ ಮಾತೇ ಮಾತಾಯಿತು.

ಆದರೆ ಕೇಳಿದವರಲ್ಲಿ ಬಹುಮಂದಿ ಒಂದು ಸಂಗತಿಯನ್ನು ಮರೆತರು. ರೆಸ್ಟನ್ನನ ಅಪೆಂಡಿಕ್ಸನ್ನು ತೆಗೆದುದು ಸೂಜಿಯಲ್ಲ, ಕತ್ತಿ. ಅದಕ್ಕಾಗಿ ಮರಗಟ್ಟಿಸಿದುದೂ ಸಾಮಾನ್ಯ ಇಂಜೆಕ್ಷನ್ನಿನಿಂದಲೇ. ಅಂದರೆ ಚೀನೀ ವೈದ್ಯರು ಮೊದಲು ನೋವಿನ ಕಾರಣವನ್ನು ಕಂಡುಹಿಡಿದು ಕಿತ್ತುಹಾಕಿದರು; ಉಳಿದ ಬಾಧೆಗೆ ಮಾತ್ರ ಸೂಜಿಯನ್ನು ಕರೆದರು.

ತಕ್ಕಡಿಯಲ್ಲಿ ಸೂಜಿ

ಸೂಜಿಯಿಂದ ನಿಜವಾಗಿಯೂ ಗುಣವುಂಟೇ? ಜರ್ಮನಿಯಲ್ಲಿ ಬಹುಕಾಲದ ಬೆನ್ನುನೋವಿನ 1,162 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲ 2007ರಲ್ಲಿ ಪ್ರಕಟವಾಯಿತು. ಶಾಸ್ತ್ರೋಕ್ತ ಬಿಂದುಗಳಲ್ಲಿ ಚುಚ್ಚಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ಗುಣ ಕಂಡಿತು. ಬಿಂದುಗಳಲ್ಲದ ಕಡೆ ಸುಮ್ಮನೆ ಮೇಲುಮೇಲೆ ಚುಚ್ಚಿಸಿಕೊಂಡವರಲ್ಲಿ 44 ಮಂದಿಗೆ. ರೂಢಿಯ ಔಷಧ, ವ್ಯಾಯಾಮಗಳನ್ನು ಪಡೆದವರಲ್ಲಿ 27 ಮಂದಿಗೆ. ಸೂಜಿಯಿಂದ ನೋವು ತಗ್ಗುವುದುಂಟು. ಆದರೆ ಎಲ್ಲಿ ಚುಚ್ಚಿದರೆಂಬುದರಿಂದ ಹೆಚ್ಚಿನ ಭೇದವಾಗಲಿಲ್ಲ. ರೋಗಿಯ ನಂಬಿಕೆ, ವೈದ್ಯನ ಆರೈಕೆ, ಚುಚ್ಚಿದಾಗ ನರಗಳಲ್ಲಿ ಏಳುವ ಪ್ರತಿಕ್ರಿಯೆ ಇವೆಲ್ಲವೂ ಇದರಲ್ಲಿ ಸೇರಿರಬಹುದು.

ಆದುದರಿಂದ ಗಜೇಂದ್ರಗಡದಲ್ಲಿ ದಿನವಿಡೀ ಮಗ್ಗದ ಮುಂದೆ ಬಾಗಿ ಕುಳಿತು ಬೆನ್ನು ಹಿಡಿದ ನೇಕಾರನು, ಡಾಕ್ಟರರಿಗೆ ತೋರಿಸಿಕೊಂಡ ಮೇಲೆ ಸೂಜಿಯನ್ನೋ ಬಟ್ಟಲನ್ನೋ ಪ್ರಯತ್ನಿಸಿದರೆ ಅದರಲ್ಲಿ ತಪ್ಪೇನಿಲ್ಲ. ಪ್ರತಿಯೊಬ್ಬರಿಗೂ ಹೊಸ ಸೂಜಿಯಿರಬೇಕು. ಒಬ್ಬರಿಗೆ ಬಳಸಿದ ಸೂಜಿಯಿಂದ ಕಾಮಾಲೆಯ ರೋಗಾಣು ಮತ್ತೊಬ್ಬರಿಗೆ ಅಂಟೀತು. ಅರಿಯದವನು ಎದೆಯಲ್ಲಿ ಆಳವಾಗಿ ಚುಚ್ಚಿದರೆ ಶ್ವಾಸಕೋಶ ತೂತಾದೀತು. ಬಟ್ಟಲಿನ ಉರಿಯಿಂದ ಚರ್ಮ ಸುಟ್ಟೀತು.

ಇನ್ನು ಆ ಹುಡುಗನ ವಿಷಯ. ಅಪೆಂಡಿಸೈಟಿಸ್ಸಿನ ನೋವು ಅನೇಕ ಸಲ ಮೊದಲು ಕಾಣಿಸಿಕೊಳ್ಳುವುದು ಹೊಕ್ಕುಳಿನ ಸುತ್ತ. ಸರಿಯಾಗಿ ಆಯಿ ದೀಪವಿಡುವ ಜಾಗದಲ್ಲಿಯೇ! ಕೆಲವು ತಾಸುಗಳಾದ ಮೇಲೆ ಅದು ಬಲಗಡೆ ಕೆಳಹೊಟ್ಟೆಗೆ ಇಳಿಯುತ್ತದೆ. ವಾಂತಿ, ಜ್ವರ ಜೊತೆಗೂಡುತ್ತವೆ. ಆಗಲೂ ‘ಬಟ್ಟಿ ಸರಿದಿದೆ’ ಎಂದು ತಂಬಿಗೆಯನ್ನೇ ನೆಚ್ಚಿ ಕುಳಿತರೆ ಅಪೆಂಡಿಕ್ಸ್ ಒಡೆದು, ಕೀವು ಹೊಟ್ಟೆಯಲ್ಲೆಲ್ಲ ಹರಡಿ, ಮಗುವಿನ ಜೀವಕ್ಕೇ ಎರವಾಗಬಹುದು. ಹೊಟ್ಟೆಯ ನೋವು ಬಿಡದೆ ಹೆಚ್ಚುತ್ತಿದ್ದರೆ, ಮುಟ್ಟಿದರೆ ಮಗು ಚೀರಿದರೆ, ತಂಬಿಗೆಯನ್ನು ಬದಿಗಿಟ್ಟು ಗದಗಿಗೋ ಹುಬ್ಬಳ್ಳಿಗೋ ಹೊರಡಬೇಕು; ಬೆಳಗಾಗಲೆಂದು ಕಾಯಬಾರದು.

ನೋವು ಒಬ್ಬ ದೂತ. ಸೂಜಿಯಾಗಲಿ, ಬಟ್ಟಲಾಗಲಿ, ನಮ್ಮ ಆಯಿಯ ತಂಬಿಗೆಯಾಗಲಿ ಅವನನ್ನು ಸಮಾಧಾನಪಡಿಸಬಲ್ಲವು. ಆದರೆ ಅವನು ತಂದ ಸುದ್ದಿಯನ್ನು ಮೊದಲು ಕೇಳಿಕೊಳ್ಳುವುದು ಮನೆಯವರೆಲ್ಲರ ಕರ್ತವ್ಯ.