ಬೂದಿಮೋಡವನ್ನು ದೂರದಿಂದಲೇ ಅಳೆಯುವ ಉಪಕರಣಗಳು

ಜ್ವಾಲಾಮುಖಿ ಸಿಡಿದಾಗ ಏಳುವ ಮೋಡದಲ್ಲಿ ನೀರಾವಿ, ಇಂಗಾಲದ ಡೈಆಕ್ಸೈಡ್, ಗಂಧಕದ ಡೈಆಕ್ಸೈಡ್ ಇರುತ್ತವೆ. ಜೊತೆಗೆ ಕಲ್ಲು ಮತ್ತು ಗಾಜಿನ ಸಣ್ಣ ಪುಡಿ. ಜೆಟ್ ಎಂಜಿನ್ನಿನ ಕಾವಿಗೆ ಈ ಪುಡಿ ಕರಗಿ ಒಳಭಾಗಗಳಿಗೆ ಮೆತ್ತಿಕೊಳ್ಳುತ್ತದೆ. 1982ರ ಜೂನ್ 24ರ ರಾತ್ರಿ ಜಾವಾದ ಗಲುಂಗುಂಗ್ ಜ್ವಾಲಾಮುಖಿಯ ಬೂದಿಯೊಳಗೆ ಹೊಕ್ಕ ಬ್ರಿಟಿಷ್ ಏರ್‌ವೇಸ್ ವಿಮಾನದ ನಾಲ್ಕೂ ಎಂಜಿನ್‌ಗಳು ನಿಂತುಹೋದವು. ಸಾವಿರಾರು ಮೀಟರ್ ಕೆಳಗಿಳಿದ ಮೇಲೆ ಅವು ಮತ್ತೆ ಚಾಲೂ ಆದವು, ಪ್ರಯಾಣಿಕರೆಲ್ಲ ಬದುಕಿದರು. ಒಣ ಬೂದಿ ವಿಮಾನದ ಹವಾಮಾನ ರಾಡಾರಿಗೆ ಕಂಡಿರಲಿಲ್ಲ. ಆ ರಾಡಾರ್ ಇರುವುದು ಮಳೆಹನಿ ಹುಡುಕುವುದಕ್ಕೆ.

ಬೂದಿಯನ್ನೂ ಮಳೆಮೋಡವನ್ನೂ ಬೇರ್ಪಡಿಸುವುದೇ ಈ ವಿಜ್ಞಾನದ ಮೊದಲ ಸವಾಲು. ಆಸ್ಟ್ರೇಲಿಯಾದ ವಿಜ್ಞಾನಿ ಫ್ರೆಡ್ ಪ್ರಾಟಾ 1989ರಲ್ಲಿ ಅದಕ್ಕೊಂದು ದಾರಿ ತೋರಿಸಿದರು. ನೆಲದಿಂದ ಮೇಲೇರುವ ಅವಕೆಂಪು ಕಿರಣವನ್ನು 11 ಮತ್ತು 12 ಮೈಕ್ರಾನ್ ತರಂಗಾಂತರಗಳಲ್ಲಿ ಬೇರೆ ಬೇರೆಯಾಗಿ ಅಳೆಯಬೇಕು. ಸಿಲಿಕಾ ತುಂಬಿದ ಬೂದಿ 11ರ ಬಳಿ ಹೆಚ್ಚು ಹೀರುತ್ತದೆ, ನೀರು ಮತ್ತು ಹಿಮದ ಕಣಗಳು 12ರ ಬಳಿ. ಈ ಅಳತೆಗಳು ತೋರುವ ಉಷ್ಣಾಂಶಗಳಲ್ಲಿ 11ರದರಿಂದ 12ರದನ್ನು ಕಳೆದಾಗ ಉತ್ತರ ಋಣವಾದರೆ ಬೂದಿ, ಧನವಾದರೆ ಮಾಮೂಲಿ ಮೋಡ. ಉಪಾಯ ಸರಳ, ಆದರೆ ನಮ್ಮ ಉಷ್ಣವಲಯದಲ್ಲಿ ಅದು ಎಡವುವುದುಂಟು: ಗಾಳಿಯಲ್ಲಿ ತೇವ ಹೆಚ್ಚಿದಷ್ಟೂ ಬೂದಿಯ ಗುರುತು ಮಸುಕಾಗುತ್ತದೆ.

ಭಾರತದ ಇನ್ಸಾಟ್-3ಡಿ (2013), 3ಡಿಆರ್ (2016), 3ಡಿಎಸ್ (2024) ಹವಾಮಾನ ಉಪಗ್ರಹಗಳಲ್ಲಿ ಈ ಎರಡೂ ಅವಕೆಂಪು ಪಟ್ಟಿಗಳಿವೆ. ಕ್ಯಾಮೆರಾ ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರದ್ದು. ಉಪಗ್ರಹ ರೂಪುಗೊಂಡದ್ದು ಬೆಂಗಳೂರಿನಲ್ಲಿ, ಅದನ್ನು ಕಕ್ಷೆಯಲ್ಲಿ ನಡೆಸುವುದು ಹಾಸನದ ಮುಖ್ಯ ನಿಯಂತ್ರಣ ಕೇಂದ್ರ. 2025ರ ನವೆಂಬರ್ 23ರಂದು ಇಥಿಯೋಪಿಯಾದ ಹೈಲಿ ಗುಬ್ಬಿ ಜ್ವಾಲಾಮುಖಿ ಸಿಡಿದು, ಅದರ ಬೂದಿ ಮರುದಿನವೇ ಗುಜರಾತ್, ರಾಜಸ್ಥಾನ ದಾಟಿ ದೆಹಲಿಯತ್ತ ಬಂದಾಗ ಹಲವು ವಿಮಾನಗಳು ರದ್ದಾದವು. ಹವಾಮಾನ ಇಲಾಖೆ ಬೂದಿಯ ಹಾದಿಯನ್ನು ಹಿಂಬಾಲಿಸಿದ್ದು ಉಪಗ್ರಹ ಚಿತ್ರ, ಗಾಳಿಯ ಲೆಕ್ಕಾಚಾರ ಮತ್ತು ಅಂತರರಾಷ್ಟ್ರೀಯ ಬೂದಿ ಸಲಹಾ ಕೇಂದ್ರದ ಸೂಚನೆಗಳ ಬಲದಿಂದ.

ಇಂಥ ದೊಡ್ಡ ಮೋಡಕ್ಕೆ ಈ ಕ್ಯಾಮೆರಾ ಸಾಕು, ಚಿಕ್ಕದಕ್ಕೆ ಸಾಲದು. ಸುಮಾರು 36,000 ಕಿಲೋಮೀಟರ್ ಎತ್ತರದಿಂದ ನೋಡುವ ಅದರ ಅವಕೆಂಪು ಚಿತ್ರದಲ್ಲಿ ಒಂದು ಚುಕ್ಕೆ ಎಂದರೆ 4 ಕಿಲೋಮೀಟರ್ ಉದ್ದಗಲದ ನೆಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಹಂಪಸಾಗರ ಸುತ್ತಲ ಹೊಲಗಳ ಸಮೇತ ಅಂಥ ಒಂದು ಚುಕ್ಕೆಯಲ್ಲಿ ಅಡಗುತ್ತದೆ. ಭಾರತದ ಏಕೈಕ ಸಕ್ರಿಯ ಜ್ವಾಲಾಮುಖಿಯಾದ ಅಂಡಮಾನಿನ ಬ್ಯಾರನ್ ದ್ವೀಪದ ಅಗಲವೂ ಸುಮಾರು 3 ಕಿಲೋಮೀಟರ್ ಮಾತ್ರ. ಒಂದೂವರೆ ಶತಮಾನದ ಮೌನದ ಬಳಿಕ 1991ರಲ್ಲಿ ಎಚ್ಚೆತ್ತು ಆಗಾಗ ಉಗುಳುತ್ತಿರುವ ಅದರ ಸಣ್ಣ ಹೊಗೆ, ಚುಕ್ಕೆಯ ಸರಾಸರಿಯಲ್ಲೇ ಕರಗಿಹೋಗಬಹುದು.

ಗಂಧಕದ ಡೈಆಕ್ಸೈಡ್ ಅಳೆಯಲು ಇನ್ನೊಂದು ಬಗೆಯ ಉಪಕರಣ ಬೇಕು. ಈ ಅನಿಲ ಸೂರ್ಯನ ನೇರಳಾತೀತ ಬೆಳಕನ್ನು 300ರಿಂದ 320 ನ್ಯಾನೋಮೀಟರ್ ನಡುವೆ ಚೆನ್ನಾಗಿ ಹೀರುತ್ತದೆ. 1970ರ ದಶಕದಲ್ಲಿ ಇದಕ್ಕೆ ಭಾರದ ರೋಹಿತಮಾಪಕ ಹೊರಬೇಕಿತ್ತು. ಈಗ ಅಂಗೈಯಗಲದ ಪೆಟ್ಟಿಗೆ ಸಾಕು. ದೂರದರ್ಶಕವನ್ನು ದಿಗಂತದಿಂದ ದಿಗಂತಕ್ಕೆ ತಿರುಗಿಸಿ, ಹೊಗೆಯ ಅಡ್ಡಸೀಳಿನಲ್ಲಿರುವ ಅನಿಲದ ಮೊತ್ತ ಕಂಡುಹಿಡಿದು, ಗಾಳಿಯ ವೇಗದಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ಅನಿಲ ಹೊರಬರುತ್ತಿದೆ ಎಂಬುದು ಸಿಗುತ್ತದೆ. ದೊಡ್ಡ ತಪ್ಪು ನುಸುಳುವುದು ಸಾಮಾನ್ಯವಾಗಿ ಗಾಳಿಯ ವೇಗದ ಅಂದಾಜಿನಲ್ಲಿ. ಗೊತ್ತಿರುವ ಪ್ರಮಾಣದ ಅನಿಲ ತುಂಬಿ ಮುಚ್ಚಿದ ಪುಟ್ಟ ಸ್ಫಟಿಕದ ಕೋಶವನ್ನು ಮಸೂರದ ಮುಂದೆ ಹಿಡಿದು ಉಪಕರಣದ ಓದನ್ನು ಸರಿನೋಡಿಕೊಳ್ಳಬಹುದು. ರಾತ್ರಿ ಈ ವಿಧಾನ ನಡೆಯದು.

ಬೂದಿಯ ಎತ್ತರ ತಿಳಿಸುವುದು ಲೇಸರ್ ಬಳಸುವ ಲಿಡಾರ್. ಮೊನಚು ಮೂಲೆಗಳ ಬೂದಿಕಣ ಲೇಸರ್ ಬೆಳಕಿನ ಧ್ರುವೀಕರಣವನ್ನು ಕೆಡಿಸುತ್ತದೆ, ದುಂಡನೆಯ ನೀರಹನಿ ಕೆಡಿಸುವುದಿಲ್ಲ. ತಿರುಪತಿ ಬಳಿಯ ಗಾದಂಕಿಯ ರಾಷ್ಟ್ರೀಯ ವಾಯುಮಂಡಲ ಸಂಶೋಧನಾ ಪ್ರಯೋಗಾಲಯದಲ್ಲಿ ಲಿಡಾರ್ ಇದೆ.

ಜಪಾನಿನ ಹಿಮಾವರಿ-8 ಉಪಗ್ರಹದ ಕ್ಯಾಮೆರಾಕ್ಕೆ 16 ಪಟ್ಟಿಗಳಿವೆ, ಗಂಧಕದ ಡೈಆಕ್ಸೈಡನ್ನು ಹಗಲಿರುಳೂ ಗುರುತಿಸಬಲ್ಲ 8.6 ಮೈಕ್ರಾನಿನದೂ ಅದರಲ್ಲಿ ಸೇರಿದೆ. ಇನ್ಸಾಟ್-3ಡಿ ಸರಣಿಯ ಕ್ಯಾಮೆರಾದಲ್ಲಿರುವುದು ಆರು ಪಟ್ಟಿಗಳು, 8.6 ಅವುಗಳಲ್ಲಿಲ್ಲ. ಭಾರತದ ಮುಂದಿನ ಹವಾಮಾನ ಉಪಗ್ರಹಕ್ಕೆ ಮೊದಲು ಸೇರಬೇಕಾದ ಪಟ್ಟಿ ಅದೇ.