ಐದೂವರೆ ಕಟ್ಟೆಯ ಮನೆ

ಸಂಜೆ ಐದಾಗುತ್ತಲೇ ಮೈಸೂರಿನ ಕುವೆಂಪುನಗರದ ಆ ಮನೆಯ ಗೇಟಿನ ಬಳಿ ಸೈಕಲ್ಲು, ಸ್ಕೂಟರುಗಳು ಒಂದೊಂದಾಗಿ ಬಂದು ನಿಲ್ಲುತ್ತವೆ. ಬಾಗಿಲಾಚೆ ಪುಟ್ಟ ಚಪ್ಪಲಿಗಳ ರಾಶಿ. ಹಾಲಿನಲ್ಲಿ ಸೋಫಾ ಗೋಡೆಗೆ ಸರಿದಿದೆ, ನಡುವೆ ಜಮಖಾನ. ಶ್ರುತಿಪೆಟ್ಟಿಗೆ ಆಗಲೇ ಐದೂವರೆ ಕಟ್ಟೆಯಲ್ಲಿ ಮೊಳಗುತ್ತಿದೆ. ಕುಕ್ಕರ್ ಮೂರನೇ ಸಲ ಕೂಗಿದಾಗ ಟೀಚರ್ ಎದ್ದು ಹೋಗಿ ಒಲೆ ಆರಿಸಿ ಬರುತ್ತಾರೆ. ಅಷ್ಟರಲ್ಲಿ ಯಾರೋ ಗಾಂಧಾರ ಇಳಿಸಿ ಹಾಡಿದ್ದು ಅಡುಗೆಮನೆಯವರೆಗೂ ಕೇಳಿಸಿರುತ್ತದೆ. ಕೂರುವ ಮೊದಲೇ ಅದನ್ನು ತಿದ್ದಿಯಾಗುತ್ತದೆ.

ಸೋಮವಾರ, ಮಂಗಳವಾರ ಚಿಕ್ಕ ಮಕ್ಕಳದು. ಪುರಂದರದಾಸರು ಹಾಕಿಕೊಟ್ಟರೆಂದು ಸಂಪ್ರದಾಯ ನಂಬುವ ದಾರಿಯಲ್ಲೇ ಇಲ್ಲಿಯೂ ಪಾಠ: ಸರಳೆ, ಜಂಟಿ, ಅಲಂಕಾರ, ಆಮೇಲೆ ಮಲಹರಿಯ ಗೀತೆ. ರಾಗ ಮಾಯಾಮಾಳವಗೌಳ, ಹದಿನೈದನೇ ಮೇಳ. ಸ–ರಿ ತೀರಾ ಹತ್ತಿರ, ರಿ–ಗ ದೂರ. ಮೇಲೆ ಪ–ಧ, ಧ–ನಿಗಳಲ್ಲೂ ಅದೇ ಅಳತೆ. ಕೀಬೋರ್ಡಿನ ಬಿಳಿ ಮನೆಗಳಿಗೆ ಒಗ್ಗಿದ ಮಕ್ಕಳ ಬಾಯಲ್ಲಿ ರಿಷಭ ತಾನಾಗಿ ಮೇಲೇರುತ್ತದೆ. ಟೀಚರ್ ಬೈಯುವುದಿಲ್ಲ. ಷಡ್ಜ ಹಿಡಿದು ಕೂರಿಸುತ್ತಾರೆ, ಶ್ರುತಿಯ ಸದ್ದನ್ನು ಸ್ವಲ್ಪ ಏರಿಸುತ್ತಾರೆ, ಮತ್ತೆ ರಿಷಭ ಕೇಳುತ್ತಾರೆ.

ಜಂಟಿ ವರಸೆಗೆ ಬಂದಾಗ ಇನ್ನೊಂದು ಕಷ್ಟ. 'ಸಸ ರಿರಿ ಗಗ' ಎಂದು ಮಗು ಎರಡು ಸ್ವರವನ್ನೂ ಒಂದೇ ತೂಕದಲ್ಲಿ ಎಳೆಯುತ್ತದೆ. ಎರಡನೆಯದಕ್ಕೆ ಕೆಳಗಿನ ಸ್ವರವನ್ನು ಮುಟ್ಟಿಕೊಂಡು ಬರುವ ಒತ್ತು ಬೇಕು. ಆ ಒತ್ತು ಕುಳಿತರೆ ಮುಂದೆ ವರ್ಣದಲ್ಲಿ ಗಮಕಕ್ಕೆ ದಾರಿ ಸಲೀಸು. "ಇನ್ನೊಂದು ಸಲ ಹೇಳು ಪುಟ್ಟಿ, ಎರಡನೇ ರಿ ಹೊಟ್ಟೆಯಿಂದ ಬರಲಿ," ಎನ್ನುತ್ತಾರೆ. ಬಾಗಿಲಲ್ಲಿ ಕಾದು ನಿಂತ ತಾಯಿ, "ಹಾಡು ಯಾವಾಗ ಶುರು ಮಾಡ್ತೀರಾ ಮಿಸ್?" ಎಂದು ಕೇಳಿಯೇ ಕೇಳುತ್ತಾರೆ. ಈ ಪ್ರಶ್ನೆಗೆ ಸೋಲದ ಮೇಷ್ಟರುಗಳಿಂದಲೇ ನಮ್ಮ ಸಂಗೀತದ ತಳಪಾಯ ಗಟ್ಟಿಯಾಗಿ ಉಳಿದಿದೆ ಎಂಬುದು ನನ್ನ ನಂಬಿಕೆ.

ಬುಧವಾರ, ಗುರುವಾರ ಜೂನಿಯರ್ ಪರೀಕ್ಷೆಯ ತಂಡ. ಏಳು ತಾಳ, ಐದು ಜಾತಿ, ಒಟ್ಟು ಮೂವತ್ತೈದು ಎಂಬ ಲೆಕ್ಕ, ರಾಗಲಕ್ಷಣ, ವಾಗ್ಗೇಯಕಾರರ ಚರಿತ್ರೆ. ನೋಟ್ಸ್ ಬರೆಸಿ ಮುಗಿಯುವ ಹೊತ್ತಿಗೆ ಎಂಟೂವರೆ.

ಎರಡನೇ ಪಿಯುಸಿಯ ಮಗ ಪುಸ್ತಕ ಹಿಡಿದು ಮಹಡಿ ಹತ್ತಿರುತ್ತಾನೆ. ಸಿಇಟಿ ಹತ್ತಿರ ಬಂದಿದೆ. ಮನೆಯಲ್ಲಿ ಸದ್ದಿಲ್ಲದ ಸಂಜೆಯನ್ನು ಅವನು ಕಂಡಿದ್ದು ಕಡಿಮೆ. ಇದು ಟೀಚರಿಗೆ ನೋವಿನ ವಿಷಯ. ಹಾಗಾಗಿ ಎಂಟೂವರೆಯಾದ ಮೇಲೆ ಯಾರಿಗೂ ಪಾಠವಿಲ್ಲ. ಊಟದ ಜೊತೆ ಮಗನ ಭೌತಶಾಸ್ತ್ರದ ಕಥೆ. ಬ್ಯಾಂಕಿನಿಂದ ಬಂದ ಯಜಮಾನರು ಅಷ್ಟರಲ್ಲಿ ಚಪಾತಿ ಲಟ್ಟಿಸಿಟ್ಟಿರುತ್ತಾರೆ. ಅತ್ತೆಯವರು ದೇವರನಾಮದ ಸಾಹಿತ್ಯದಲ್ಲಿ ಮಕ್ಕಳು ನುಂಗಿದ ಅಕ್ಷರಗಳನ್ನು ನೆನಪಿಟ್ಟುಕೊಂಡು ಸೊಸೆಗೆ ಒಪ್ಪಿಸುತ್ತಾರೆ.

ಶುಕ್ರವಾರದ ಪಾಠ ನನಗೆ ಬಲು ಇಷ್ಟ. ಅಂದು ಬರುವವನು ಹದಿಮೂರರ ಹುಡುಗ. ಹೋದ ವರ್ಷ ಐದು ಕಟ್ಟೆಯಲ್ಲಿ ತಾರಷಡ್ಜ ನಿರಾಯಾಸ. ಈಗ ಕಂಠ ಒಡೆದಿದೆ. ಪಂಚಮಕ್ಕೆ ಹೋದರೆ ದನಿ ಎರಡಾಗುತ್ತದೆ, ಹುಡುಗ ತಲೆ ತಗ್ಗಿಸುತ್ತಾನೆ. ಎಷ್ಟೋ ಗಂಡುಮಕ್ಕಳು ಸಂಗೀತ ಬಿಡುವುದು ಇದೇ ವಯಸ್ಸಿನಲ್ಲಿ. ಟೀಚರ್ ಶ್ರುತಿಯನ್ನು ಒಂದೂವರೆ ಕಟ್ಟೆಗೆ ಇಳಿಸುತ್ತಾರೆ, ಮಂದ್ರ ಮತ್ತು ಮಧ್ಯ ಸ್ಥಾಯಿಯಲ್ಲೇ ಸುತ್ತಾಡಿಸುತ್ತಾರೆ, ಸಾಲದ್ದಕ್ಕೆ ತಾಳದ ಕೆಲಸ ಹೆಚ್ಚಿಸುತ್ತಾರೆ. ಅವನ ಶ್ರುತಿಗೆ ಇಳಿದು ಹಾಡಿ ತೋರಿಸುವುದು ಅವರ ಗಂಟಲಿಗೇ ಭಾರ. ಬಿಸಿನೀರು ಕುಡಿದು ಮುಂದುವರಿಸುತ್ತಾರೆ. "ದನಿ ಬೆಳೀತಾ ಇದೆ ಕಣೋ, ಕೆಟ್ಟಿಲ್ಲ. ವಾರಕ್ಕೊಮ್ಮೆ ಬರೋದು ಮಾತ್ರ ಬಿಡಬೇಡ." ಅವನು ಇನ್ನೂ ಬಿಟ್ಟಿಲ್ಲ.

ಅವನ ಬೆನ್ನಿಗೇ ನಿವೃತ್ತ ಅಧಿಕಾರಿಯೊಬ್ಬರು, ಕನ್ನಡಕದ ಜೊತೆ ದಪ್ಪ ನೋಟ್‌ಬುಕ್ಕು. ಮೈಸೂರು ವಾಸುದೇವಾಚಾರ್ಯರ ಖಮಾಚಿನ ಕೃತಿಯನ್ನು ಒಮ್ಮೆ ಪೂರ್ತಿ ಹಾಡಬೇಕೆಂಬುದು ಅವರ ಆಸೆ. ಪಲ್ಲವಿ ಕುಳಿತಿದೆ, ಅನುಪಲ್ಲವಿ ಕುಳಿತುಕೊಳ್ಳುತ್ತಿದೆ.

ಶನಿವಾರ ಬೆಳಗಿನಿಂದಲೂ ಪಾಠ. ಸಂಜೆ ಬಿಡುವಾದರೆ ಅದೇ ಬಡಾವಣೆಯ ವೀಣೆ ಶೇಷಣ್ಣ ಭವನದ ಕಚೇರಿಗೆ ಹೋಗುತ್ತಾರೆ, ದೊಡ್ಡ ಮಕ್ಕಳಿಬ್ಬರನ್ನು ಕರೆದುಕೊಂಡು. ಕೇಳದೆ ಸಂಗೀತ ಬರುವುದಿಲ್ಲ ಎಂಬುದು ಅವರ ಕಟ್ಟುನಿಟ್ಟಿನ ಮಾತು.

ಭಾನುವಾರ ಬೆಳಗ್ಗೆ ಆರೂವರೆಗೆ ಕ್ಯಾಲಿಫೋರ್ನಿಯಾದ ಕನ್ನಡದ ಹುಡುಗಿ ಪರದೆಯ ಮೇಲೆ. ಬೇಸಿಗೆಯಲ್ಲಿ ಅಲ್ಲಿಗದು ಶನಿವಾರ ಸಂಜೆ ಆರು. ನವೆಂಬರಿನಲ್ಲಿ ಅಲ್ಲಿನ ಗಡಿಯಾರ ಹಿಂದಕ್ಕೆ ಹೋದರೆ ಇಲ್ಲಿಯ ಪಾಠ ಏಳೂವರೆಗೆ. ಸದ್ದು ತಡವಾಗಿ ತಲುಪುವುದರಿಂದ ಇಬ್ಬರೂ ಸೇರಿ ಹಾಡುವಂತಿಲ್ಲ. ಶ್ರುತಿ ಅವಳ ಮನೆಯಲ್ಲೇ ಮೊಳಗಬೇಕು. ಟೀಚರ್ ಒಂದು ಸಾಲು ಹಾಡಿ ಸುಮ್ಮನಾಗುತ್ತಾರೆ, ಅವಳು ತಾಳ ಹಾಕಿಕೊಂಡು ಒಪ್ಪಿಸುತ್ತಾಳೆ. ಕೈ ಕಾಣಿಸುವಂತೆ ಕ್ಯಾಮೆರಾ ಸರಿಸಿಕೊಳ್ಳುವುದು ಪಾಠದ ಮೊದಲ ಕೆಲಸ.

ಅದಾದ ಮೇಲೆ, ತಿಂಡಿಗೆ ಮುಂಚಿನ ಒಂದಿಷ್ಟು ಹೊತ್ತು ಅವರ ಸ್ವಂತದ್ದು. ಪಚ್ಚಿಮಿರಿಯಂ ಆದಿಯಪ್ಪಯ್ಯನವರ ಭೈರವಿ ಅಟತಾಳ ವರ್ಣ ತೆಗೆಯುತ್ತಾರೆ. ಹದಿನಾಲ್ಕು ಅಕ್ಷರದ ತಾಳ, ನಿಧಾನದ ನಡೆ. ವಾರವಿಡೀ ಬೇರೆಯವರ ಸ್ವರ ತಿದ್ದಿದ ಕಿವಿ ಈಗ ತಮ್ಮದೇ ನಿಷಾದವನ್ನು ಅಷ್ಟೇ ನಿಷ್ಠುರವಾಗಿ ಕೇಳುತ್ತದೆ. ಎರಡನೇ ಕಾಲಕ್ಕೆ ಎತ್ತಿಕೊಳ್ಳುವಷ್ಟರಲ್ಲಿ ಫೋನು. ಮಂಗಳವಾರದ ಮಗುವಿಗೆ ಯೂನಿಟ್ ಟೆಸ್ಟಂತೆ, ಪಾಠ ಮುಂದಕ್ಕೆ ಹಾಕಬಹುದೇ? "ಬುಧವಾರ ನಾಲ್ಕೂವರೆಗೇ ಕಳಿಸಿಬಿಡಿ, ಜಂಟಿ ಮಾತ್ರ ದಿನಾ ಹಾಡಿಸಿ," ಎಂದು ಫೋನಿಟ್ಟು, ಪಲ್ಲವಿಯಿಂದ ಮತ್ತೆ ಶುರುಮಾಡುತ್ತಾರೆ.