ಇ-ಮೇಲ್ ಚಿತ್ರಕ್ಕೆ ಎರಡು ಅಳತೆ

ಸಹಕಾರ ಸಂಘ, ಶಾಲೆ, ಆಸ್ಪತ್ರೆ ಮೊದಲಾದ ಸಂಸ್ಥೆಗಳು ಇಂದು ತಮ್ಮ ಪ್ರಕಟಣೆಗಳನ್ನು ಇ-ಮೇಲ್ ಮೂಲಕವೂ ಕಳುಹಿಸುತ್ತವೆ. ಕಳುಹಿಸಿದವರ ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾಗಿ ಕಂಡ ಚಿತ್ರ, ಪಡೆದವರ ಮೊಬೈಲಿನಲ್ಲಿ ಪರದೆಯಾಚೆ ಚಾಚಿಕೊಳ್ಳುವುದುಂಟು. ನೇತ್ರ ತಪಾಸಣಾ ಶಿಬಿರದ ದಿನಾಂಕ ಆ ಚಿತ್ರದ ಬಲತುದಿಯಲ್ಲಿದ್ದರೆ, ಅದು ಅಗತ್ಯವಿದ್ದವರ ಕಣ್ಣಿಗೇ ಬೀಳದೆ ಹೋಗಬಹುದು. ಹೀಗೇಕೆ ಆಗುತ್ತದೆ? ಪರಿಹಾರವೇನು?

ಪರದೆಯ ಅಳತೆಯನ್ನು ಪಿಕ್ಸೆಲ್ ಎಂಬ ಚುಕ್ಕಿಗಳ ಲೆಕ್ಕದಲ್ಲಿ ಹೇಳಲಾಗುತ್ತದೆ. ಇ-ಮೇಲ್ ಪತ್ರವನ್ನು ಸುಮಾರು 600 ಪಿಕ್ಸೆಲ್ ಅಗಲಕ್ಕೆ ಸಿದ್ಧಪಡಿಸುವುದು ರೂಢಿ. ಆದರೆ ವಿನ್ಯಾಸದ ಲೆಕ್ಕದಲ್ಲಿ ಅನೇಕ ಮೊಬೈಲುಗಳ ಅಗಲ 400ರ ಆಸುಪಾಸು ಮಾತ್ರ. ಪರದೆಗೆ ತಕ್ಕಂತೆ ಹೊಂದಿಕೊಳ್ಳುವ ವಿನ್ಯಾಸಕ್ಕೆ 2010ರಲ್ಲಿ ಈಥನ್ ಮಾರ್ಕಾಟ್ ಅವರು 'ರೆಸ್ಪಾನ್ಸಿವ್' ಎಂಬ ಹೆಸರು ಕೊಟ್ಟರು. ಅವರು ಹೇಳಿದ್ದು ವೆಬ್ ಪುಟಗಳ ಬಗ್ಗೆ. ಪತ್ರಕ್ಕೂ ಅದೇ ತತ್ತ್ವ ಅನ್ವಯಿಸುತ್ತದೆ.

ಇದಕ್ಕಾಗಿ ಚಿತ್ರಕ್ಕೆ ಎರಡು ಅಳತೆ ಕೊಡಬೇಕು. ಮೊದಲನೆಯದು, ಎಚ್‌ಟಿಎಂಎಲ್‌ನ ವಿಡ್ತ್ ಗುಣದಲ್ಲಿ 600 ಎಂಬ ಬರಿಯ ಅಂಕಿ. ವಿಂಡೋಸ್‌ಗಾಗಿ 2007ರಿಂದ ಬಂದ ಸಾಂಪ್ರದಾಯಿಕ ಔಟ್‌ಲುಕ್ ಆವೃತ್ತಿಗಳು ವರ್ಡ್ ತಂತ್ರಾಂಶದ ನೆರವಿನಿಂದ ಪತ್ರವನ್ನು ತೋರಿಸುತ್ತವೆ; ಗರಿಷ್ಠ ಅಗಲದ ಸೂಚನೆಯನ್ನು ಅವು ಪಾಲಿಸುವುದಿಲ್ಲ, ಈ ಅಂಕಿಯನ್ನು ಪಾಲಿಸುತ್ತವೆ. ಎರಡನೆಯದು, ಸ್ಟೈಲ್ ಭಾಗದಲ್ಲಿ ಅಗಲ ಶೇಕಡಾ 100, ಗರಿಷ್ಠ ಅಗಲ 600 ಪಿಕ್ಸೆಲ್, ಎತ್ತರ 'ಆಟೊ'. ಆಗ ಚಿತ್ರ ಮೊಬೈಲಿನಲ್ಲಿ ಪರದೆಯಷ್ಟಕ್ಕೆ ಕುಗ್ಗುತ್ತದೆ, ದೊಡ್ಡ ಪರದೆಯಲ್ಲಿ 600 ಮೀರುವುದಿಲ್ಲ. ಎತ್ತರಕ್ಕೆ ನಿಗದಿತ ಅಂಕಿ ಕೊಟ್ಟು ಅಗಲವನ್ನಷ್ಟೇ ಕುಗ್ಗಲು ಬಿಟ್ಟರೆ, ಚಿತ್ರದಲ್ಲಿರುವವರ ಮುಖ ಉದ್ದುದ್ದವಾಗಿ ಕಾಣುತ್ತದೆ. 'ಆಟೊ' ಸೂಚನೆ ಇದನ್ನು ತಪ್ಪಿಸುತ್ತದೆ.

ಚಿತ್ರ ಮಸುಕಾಗದಿರಲು ಇನ್ನೊಂದು ಎಚ್ಚರಿಕೆ ಬೇಕು. ಇಂದಿನ ಮೊಬೈಲುಗಳಲ್ಲಿ ಚುಕ್ಕಿಗಳು ಬಹಳ ಒತ್ತಾಗಿರುತ್ತವೆ. ಆದ್ದರಿಂದ 600ರ ಅಗಲದಲ್ಲಿ ತೋರಿಸುವ ಚಿತ್ರದ ಕಡತವನ್ನು 1200 ಪಿಕ್ಸೆಲ್ ಅಗಲಕ್ಕೆ ತಯಾರಿಸುವುದು ಒಳ್ಳೆಯದು. ಇಲ್ಲಿ ವಿಡ್ತ್ ಅಂಕಿಯನ್ನು ಮರೆತರೆ, ಹಳೆಯ ಔಟ್‌ಲುಕ್ ಆ ಚಿತ್ರವನ್ನು ಅದರ ಪೂರ್ಣ ಅಳತೆಯಲ್ಲೇ ಹರಡಿ ಪತ್ರವನ್ನು ಕೆಡಿಸೀತು! ಅಗಲ, ಎತ್ತರ ಎರಡೂ ಇಮ್ಮಡಿಯಾದಾಗ ಚುಕ್ಕಿಗಳು ನಾಲ್ಕು ಪಟ್ಟಾಗುತ್ತವೆ. ಆದಕಾರಣ ಕಡತವನ್ನು ಸಂಕುಚಿಸಿ ಹಗುರಗೊಳಿಸಿ. ನಿಧಾನಗತಿಯ ಸಂಪರ್ಕ ಇರುವವರಿಗೆ ಇದು ದೊಡ್ಡ ಉಪಕಾರ.

ಅಳತೆ ಸರಿಯಾಗಿದ್ದರೂ ಚಿತ್ರ ಎಲ್ಲರಿಗೂ ಕಾಣುತ್ತದೆಂಬ ಭರವಸೆಯಿಲ್ಲ. ಕೆಲವೆಡೆ ಓದುಗರು ಅನುಮತಿ ಕೊಡುವವರೆಗೆ ಚಿತ್ರಗಳನ್ನು ತಡೆಹಿಡಿಯಲಾಗುತ್ತದೆ. ದೃಷ್ಟಿದೋಷವುಳ್ಳವರು ಪತ್ರವನ್ನು ಓದಿಹೇಳುವ ತಂತ್ರಾಂಶ ಬಳಸುತ್ತಾರೆ. ಇವರಿಗಾಗಿ ಚಿತ್ರದ 'ಆಲ್ಟ್' ಗುಣದಲ್ಲಿ ಒಂದು ವಾಕ್ಯದ ವಿವರಣೆ ಬರೆಯಿರಿ. ದಿನಾಂಕ, ಸ್ಥಳ, ಸಮಯಗಳನ್ನು ಚಿತ್ರದೊಳಗೆ ಮಾತ್ರ ಇಡದೆ ಪತ್ರದ ಅಕ್ಷರಗಳಲ್ಲೂ ಕೊಡಿ.

ಎಲ್ಲರಿಗೂ ಕಳುಹಿಸುವ ಮುನ್ನ ಪತ್ರವನ್ನು ನಿಮಗೇ ಒಮ್ಮೆ ಕಳುಹಿಸಿಕೊಳ್ಳಿ. ಒಂದು ಮೊಬೈಲಿನಲ್ಲಿ, ಒಂದು ಔಟ್‌ಲುಕ್‌ನಲ್ಲಿ ತೆರೆದು ನೋಡಿ. ಚಿತ್ರಗಳನ್ನು ತಡೆಹಿಡಿದೂ ಒಮ್ಮೆ ಓದಿ. ಆಗಲೂ ಶಿಬಿರ ಎಂದು, ಎಲ್ಲಿ ಎಂಬುದು ತಿಳಿಯುವಂತಿದ್ದರೆ ಪತ್ರ ಕಳುಹಿಸಲು ಸಿದ್ಧವಾಗಿದೆ.